ಒಂದು ತೂತು ಬಿಟ್ಟು ಕಟ್ಟಿದ ಲೇಸು

"ಮೂಗು ಮುಚ್ಕೊಳ್ಳಿ ಮೇಡಂ, ಆಮೇಲೆ ನನ್ನ ಬೈಬೇಡಿ," ಎಂದು ತಂಡದ ಸಾಮಾನು ಕೋಣೆಯ ಸ್ಟೋರಕ್ಕ ಬೀರುವಿನ ಬಾಗಿಲು ಎಳೆದಳು.

ನಾನು ಮುಚ್ಚಿಕೊಳ್ಳಲಿಲ್ಲ. ಮೂವತ್ತು ವರ್ಷ ವಿಮೆ ಕಂಪನಿಯ ಪರವಾಗಿ ಸುಟ್ಟ ಗೋದಾಮು, ಮುಳುಗಿದ ಲಾರಿ ಎಲ್ಲ ಮೂಸಿ ನೋಡಿದವಳು, ಹಳೇ ಬೂಟಿಗೆ ಹೆದರುತ್ತೇನೆಯೇ ಎಂಬ ಜಂಬ. ಬಾಗಿಲು ಪೂರ್ತಿ ತೆರೆದ ಮೇಲೆ ಜಂಬ ತಾನಾಗಿ ಇಳಿಯಿತು. ಕರವಸ್ತ್ರಕ್ಕೆ ಕೈಚೀಲ ತಡಕಾಡಿದೆ.

ಒಳಗೆ ಐದು ಅಂಕಣ, ಎಲ್ಲದರಲ್ಲೂ ಹಾಕಿ ಆಟಗಾರರ ಸವೆದ ಬೂಟುಗಳು. ಪ್ರತಿ ಜೊತೆಗೂ ದಾರದಲ್ಲಿ ಕಟ್ಟಿದ ಚೀಟಿ. ಒಂದರಲ್ಲಿ, 'ಬಲ ಹೆಬ್ಬೆರಳ ಕೆಳಗೆ ಸವೆತ. ತಿರುಗಲು ಹೆದರುವುದಿಲ್ಲ.' ಇನ್ನೊಂದರಲ್ಲಿ, 'ಹಿಮ್ಮಡಿ ಅಂಗಡಿಯಲ್ಲಿದ್ದ ಹಾಗೇ ಇದೆ. ಹಿಂದಕ್ಕೆ ಓಡುವವನಲ್ಲ. ಸೋಮಾರಿ.' ಮೂಲೆಯ ಒಂದು ಜೊತೆಗೆ, 'ಎಡಗಾಲಿನದು ಮಾತ್ರ ಸವೆದಿದೆ. ಬಲಗಾಲಿನ ನೋವು ಮುಚ್ಚಿಡುತ್ತಿದ್ದಾನೆ. ಬೇಡ. ಪಾಪ.'

"ಯಾರು ಬರೆದಿದ್ದು ಇದನ್ನೆಲ್ಲ?"

"ಇನ್ಯಾರು, ಚಿಕ್ಕಪ್ಪೋರು."

ಚಿಕ್ಕಪ್ಪ ಎಂದರೆ ಈ ತಂಡಕ್ಕೆ ಹೊಸ ಆಟಗಾರರನ್ನು ಹುಡುಕಿಕೊಡುವವರು. ತಂಡದ ಮ್ಯಾನೇಜರ್‌ಗೆ ಸ್ವಂತ ಚಿಕ್ಕಪ್ಪ. ಆಕೆ ಹಾಗೆ ಕರೆಯುವುದರಿಂದ ಉಳಿದವರಿಗೂ ಚಿಕ್ಕಪ್ಪನೇ. ಅವರಿಗಿಂತ ಎಂಟು ವರ್ಷ ದೊಡ್ಡವನಾದ ಗೇಟ್ ಕಾಯುವವನೂ ಚಿಕ್ಕಪ್ಪ ಎನ್ನುತ್ತಾನೆ.

ಈ ತಂಡ ಆರಿಸಿಕೊಳ್ಳಲಿದ್ದ ಹೊಸಬರ ಗುಟ್ಟಿನ ಪಟ್ಟಿಯನ್ನು ಹೋದ ವರ್ಷ ಎದುರಾಳಿ ಹಸಿರು ತಂಡಕ್ಕೆ ಮುಟ್ಟಿಸಿದ್ದು ಯಾರೆಂದು ಮ್ಯಾನೇಜರ್ ಪರವಾಗಿ ಎಂಟು ದಿನದಿಂದ ಹುಡುಕುತ್ತಿದ್ದೇನೆ. ಅಂಕಿಅಂಶ ನೋಡಿಕೊಳ್ಳುವ ಹುಡುಗಿಯ ಪಿಸುಪಿಸು ಫೋನುಗಳ ಬೆನ್ನು ಹತ್ತಿ ನಿನ್ನೆ ನಾನು ಹಿಡಿದದ್ದು ಒಂದು ಪ್ರೇಮಪ್ರಕರಣ ಮಾತ್ರ. ಆಕೆ ಅತ್ತಳು, ನಾನು ಕ್ಷಮೆ ಕೇಳಿದೆ, ಮದುವೆಗೆ ಕರೆದಿದ್ದಾಳೆ.

"ಬೂಟನ್ನ ಹುಡುಗರು ಸುಮ್ನೆ ಕೊಟ್ಟುಬಿಡ್ತಾರಾ?"

"ಸುಮ್ನೆ ಯಾಕೆ ಕೊಡ್ತಾರೆ? ದುಡ್ಡು ಕೊಟ್ಟು ಹಳೇದು ಇಸ್ಕೊಂಡು ಬರ್ತಾರೆ," ಸ್ಟೋರಕ್ಕ ಹೇಳಿದಳು. "ಹೊಸ ಜೊತೆ ಕೊಡೋದು ಎಲ್ಲರಿಗೂ ಅಲ್ಲ. ಇವನು ನಮಗೆ ಬೇಕು ಅಂತ ಮನಸ್ಸಿಗೆ ಬಂದ್ರೆ ಮಾತ್ರ. ಹೊಸದಕ್ಕೆ ತಾವೇ ಲೇಸ್ ಕಟ್ಟಿ ಕೊಡ್ತಾರೆ. ಪಾದದ ಮೇಲೆ ಒತ್ತಬಾರ್ದು ಅಂತ ಮೂರನೇ ತೂತು ಬಿಟ್ಟು ಕಟ್ತಾರೆ, ಗಂಟು ಹೊರಗಡೆ ಪಕ್ಕಕ್ಕೆ. ಹಂಗೆ ಕಟ್ಟೋರು ಅವರೊಬ್ರೇ. ಕಣ್ಣು ಕಟ್ಟಿ ಕೈಗೆ ಕೊಟ್ರೂ ಹೇಳ್ತೀನಿ, ಇದು ಚಿಕ್ಕಪ್ಪೋರ ಲೇಸು ಅಂತ."

"ಹುಡುಗರು ಬಿಚ್ಚಿ ಬೇರೆ ಥರ ಕಟ್ಕೊಳ್ಳಲ್ವಾ?"

"ಒಂದ್ಸಲ ಹಾಕ್ಕೊಂಡು ಓಡಿದ್ರೆ ಮುಗೀತು, ಆಮೇಲೆ ಅದೇ ಬೇಕು ಅಂತಾರೆ. ಅಷ್ಟು ಹಾಯಾಗಿರುತ್ತೆ ಕಾಲಿಗೆ."

ನಾನು ಚೆಂಡಿನ ಮೂಟೆಯ ಮೇಲೆ ಕೂತುಬಿಟ್ಟೆ. ಬೆಳಗಿನ ಪ್ರದರ್ಶನ ಪಂದ್ಯ ಕಣ್ಣ ಮುಂದೆ ಬಂತು. ನಾಳೆಯ ಆಯ್ಕೆಗೆ ನಿಂತಿರುವ ನಲವತ್ತು ಹುಡುಗರು ಕೊನೆಯ ಸಲ ಆಡಿ ತೋರಿಸುವ ಪಂದ್ಯ ಅದು. ಲೀಗಿನ ಎಂಟೂ ತಂಡದವರು ಬಂದು ಕೂತಿದ್ದರು. ಚೆಂಡು ಹೋದ ಕಡೆಗೆ ಎಲ್ಲರ ತಲೆ ಟೇಬಲ್ ಫ್ಯಾನಿನ ಹಾಗೆ ತಿರುಗುತ್ತಿತ್ತು. ಹಸಿರು ತಂಡದ ಟೋಪಿಯವನೊಬ್ಬನೇ ಆಟ ಶುರುವಾಗುವ ಮೊದಲೇ ಕೆಲಸ ಮುಗಿಸಿದ್ದ. ಹುಡುಗರು ಹೊರಬರುವ ಬಾಗಿಲ ಬಳಿ ನಿಂತು ನೆಲ ನೋಡುತ್ತಿದ್ದ, ನಡುನಡುವೆ ಚೀಟಿಯಲ್ಲಿ ಏನೋ ಗೀಚುತ್ತಿದ್ದ. ಪಾಪ, ಏನೋ ಬೀಳಿಸಿಕೊಂಡಿದ್ದಾನೆ ಎಂದುಕೊಂಡು ನಾನು ಹುಡುಕಿಕೊಡಲು ಹೊರಟಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ಅವನು ನೋಡುತ್ತಿದ್ದದ್ದು ಕಾಲುಗಳನ್ನು. ಯಾರ ಲೇಸಿನಲ್ಲಿ ಮೂರನೇ ತೂತು ಖಾಲಿ ಇದೆಯೋ ಅವರೇ ಈ ತಂಡದ ಪಟ್ಟಿಯ ಹುಡುಗರು.

ಯಾರೂ ಪಟ್ಟಿ ಮಾರಿರಲಿಲ್ಲ. ಒಬ್ಬ ಒಳ್ಳೆಯ ಮನುಷ್ಯ ಹುಡುಗರ ಕಾಲು ನೋಯಬಾರದೆಂದು ಲೇಸು ಕಟ್ಟಿದ್ದ, ಅಷ್ಟೇ. ನನಗೆ ಗೆದ್ದ ಖುಷಿಯೇ ಆಗಲಿಲ್ಲ.

"ಯಾಕೆ ಮೇಡಂ, ಮುಖ ಹಂಗಾಯ್ತು? ನಾನೇನಾದ್ರೂ ಹೇಳಬಾರ್ದದ್ದು ಹೇಳಿದ್ನಾ?"

"ಇಲ್ಲಮ್ಮ. ಹೇಳಬೇಕಾದ್ದೇ ಹೇಳಿದೆ."

*

ಮ್ಯಾನೇಜರ್ ವಿಡಿಯೋ ಕೋಣೆಯಲ್ಲಿದ್ದಳು. ನಲವತ್ತೊಂದು ವಯಸ್ಸು, ಎರಡು ವರ್ಷದಿಂದ ಸರಿಯಾಗಿ ನಿದ್ದೆ ಮಾಡದ ಕಣ್ಣು. ಗೋಡೆಯ ತುಂಬ ಬಿಳಿ ಹಲಗೆ, ಹಲಗೆಯ ಮೇಲೆ ಆಟಗಾರರ ಹೆಸರಿನ ಅಯಸ್ಕಾಂತದ ಪಟ್ಟಿಗಳು. ಹೊರಗಿನವರು ಒಳಗೆ ಬಂದರೆ ಪಟ್ಟಿಗಳನ್ನೆಲ್ಲ ಮಗುಚಿಡುವುದು ಇಲ್ಲಿನ ನಿಯಮ. ನಾನು ಬಂದರೂ ಆಕೆ ಮಗುಚಲಿಲ್ಲ. ಅಷ್ಟು ನಂಬಿದವಳಿಗೆ ಈ ಸುದ್ದಿ ಹೇಳಬೇಕಾಗಿತ್ತು.

ಹೇಳಿದೆ.

ಆಕೆ ಹಲಗೆಯ ಹೆಸರುಗಳನ್ನು ಕೂತಲ್ಲಿಂದಲೇ ಒಂದೊಂದಾಗಿ ಎಣಿಸಿದಳು.

ಈ ಆಯ್ಕೆಯ ಆಟವನ್ನು ಮೊದಲ ದಿನ ಆಕೆಯೇ ನನಗೆ ಕಲಿಸಿದ್ದಳು. ಶಾಲೆಯ ಮೈದಾನದಲ್ಲಿ ಒಬ್ಬೊಬ್ಬರ ಹೆಸರು ಕರೆದು ತಂಡ ಹಂಚಿಕೊಳ್ಳುತ್ತಿದ್ದೆವಲ್ಲ, ಅದೇ ಇದು. ಡ್ರಾಫ್ಟ್ ಎನ್ನುತ್ತಾರೆ. ಒಂದೇ ವ್ಯತ್ಯಾಸ, ಇಲ್ಲಿ ಹೆಚ್ಚು ಸೋತವರು ಮೊದಲು ಕರೆಯುತ್ತಾರೆ. ಹೋದ ವರ್ಷ ಹಸಿರು ತಂಡ ಇವರಿಗಿಂತ ಒಂದು ಸ್ಥಾನ ಕೆಳಗಿತ್ತು. ಹಾಗಾಗಿ ಪ್ರತಿ ಸುತ್ತಿನಲ್ಲೂ ಇವರಿಗಿಂತ ಒಂದು ಕೂಗು ಮುಂಚೆ ಅವರದ್ದು. ಮೊದಲ ಸುತ್ತಿನಲ್ಲಿ ಇವರು ಗುರುತಿಟ್ಟ ರಕ್ಷಣಾ ಆಟಗಾರ ಹೋದ, ಎರಡನೆಯದರಲ್ಲಿ ಮುಂಪಡೆಯವ, ಮೂರನೆಯದರಲ್ಲಿ ಗೋಲ್‌ಕೀಪರ್. ಮೂರು ಸಲವೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಈ ವರ್ಷವೂ ಹಸಿರು ತಂಡ ಒಂದು ಸ್ಥಾನ ಕೆಳಗೇ ಇದೆ. ಅದಕ್ಕೇ ಆಕೆ ಯಾರೂ ಮಾಡದ ಕೆಲಸ ಮಾಡಿದಳು. ಎಲ್ಲರ ಕಣ್ಮಣಿಯಾಗಿದ್ದ ಕ್ಯಾಪ್ಟನ್‌ನನ್ನು ಕೊನೆಯ ಸ್ಥಾನದ ತಂಡಕ್ಕೆ ಬಿಟ್ಟುಕೊಟ್ಟು, ಬದಲಿಗೆ ಆ ತಂಡದ ಮೊಟ್ಟಮೊದಲ ಕೂಗನ್ನು ಪಡೆದಳು. ಅಭಿಮಾನಿಗಳು ಆಕೆಯ ಕಾರಿಗೆ ಕೊಳೆತ ಟೊಮೇಟೊ ಹೊಡೆದರು.

"ಕ್ಯಾಪ್ಟನ್‌ಗೆ ಮೂವತ್ತೊಂದು," ಎಂದು ಅಂದು ಆಕೆ ನನಗೆ ವಿವರಿಸಿದ್ದಳು. "ನಮ್ಮ ಹುಡುಗರು ಹಣ್ಣಾಗೋದಕ್ಕೆ ಇನ್ನೂ ಮೂರು ವರ್ಷ ಬೇಕು. ಆಗ ಅವನಿಗೆ ಮಂಡಿ ನೋವು ಶುರುವಾಗಿರುತ್ತೆ. ಎಲ್ಲರೂ ಒಟ್ಟಿಗೆ ಹಣ್ಣಾಗಬೇಕು ಮೇಡಂ, ಒಬ್ಬೊಬ್ಬರೇ ಆದ್ರೆ ಉದುರಿ ಹೋಗ್ತಾರೆ. ನಮ್ಮಲ್ಲಿ ಹಿಂದೆ ಬಟ್ಟೆ ಇದೆ, ಮುಂದೆ ಬಟ್ಟೆ ಇದೆ, ಮಧ್ಯ ಹೊಲಿಯೋರಿಲ್ಲ."

ಹೊಲಿಯುವವ ಸಿಕ್ಕಿದ್ದ. ಹತ್ತೊಂಬತ್ತರ ಹುಡುಗ, ಮಧ್ಯಪಡೆ. ಹತ್ತು ಜನರ ನಡುವೆ ಸಂದು ಹುಡುಕಿ ಚೆಂಡು ದಾಟಿಸುತ್ತಾನೆಂದು ಎಲ್ಲರೂ ಅವನನ್ನು ಸೂಜಿ ಎನ್ನುತ್ತಾರೆ. ಹಲಗೆಯ ತುದಿಯಲ್ಲಿ ಮೊದಲು ಇದ್ದದ್ದು ಅವನ ಹೆಸರು. ನಾಳೆ ಬೆಳಗ್ಗೆ ಹತ್ತಕ್ಕೆ ಆಕೆ ಅದನ್ನು ಕೂಗಬೇಕು. ಈ ಆಯ್ಕೆಯೂ ಕೈಕೊಟ್ಟರೆ ತಂಡವನ್ನೇ ಮುಚ್ಚುತ್ತೇವೆಂದು ಮಾಲೀಕರು ಕಾಗದ ಕಳಿಸಿಯಾಗಿತ್ತು. ಆಟಗಾರರಿಂದ ಸ್ಟೋರಕ್ಕನವರೆಗೆ ಅರವತ್ತೆರಡು ಮಂದಿಯ ಬದುಕು ಆ ಒಂದು ಕೂಗಿಗೆ ನೇತುಬಿದ್ದಿತ್ತು.

"ಎರಡನೇ, ಮೂರನೇ ಸುತ್ತಿನ ಹುಡುಗರೆಲ್ಲ ಇವತ್ತು ಚಿಕ್ಕಪ್ಪನ ಬೂಟಲ್ಲೇ ಆಡಿದ್ರು," ಆಕೆ ಕೊನೆಗೆ ಹೇಳಿದಳು. "ಟೋಪಿಯವನು ಎಲ್ಲ ನೋಡ್ಕೊಂಡಿದ್ದಾನೆ. ಆ ಸುತ್ತುಗಳು ಹೋದ ಹಾಗೇನೇ. ಸೂಜಿ ಮಾತ್ರ ಉಳಿದ. ನಮ್ಮದೇ ಮೊದಲ ಕೂಗು ಆದ್ದರಿಂದ ಅವನನ್ನ ಯಾರೂ ಕಿತ್ಕೊಳ್ಳೋಕ್ಕಾಗಲ್ಲ."

"ಹೌದು."

"ಆದ್ರೆ ಚಿಕ್ಕಪ್ಪನ್ನ ನಾಳೆ ಮೇಜಿನ ಹತ್ರ ಕೂರಿಸ್ಕೊಳ್ಳೋಕೆ ಆಗುತ್ತಾ ಮೇಡಂ? ಮಾಲೀಕರಿಗೆ ಗೊತ್ತಾದ್ರೆ?" ಆಕೆ ತನ್ನ ಕಾಲನ್ನು ನೋಡಿಕೊಂಡಳು. "ನನಗೆ ಸ್ಟಿಕ್ ಹಿಡಿಯೋದು ಕಲಿಸಿದವರು ಅವರು. ನನ್ನ ಮೊದಲ ಬೂಟಿಗೂ ಹೀಗೇ ಒಂದು ತೂತು ಬಿಟ್ಟು ಲೇಸ್ ಕಟ್ಟಿದ್ರು. ಇಷ್ಟು ವರ್ಷ ಕಣ್ಣೆದುರಿಗಿತ್ತು, ನನಗೆ ಹೊಳೀಲಿಲ್ಲ ನೋಡಿ."

ಫೋನೆತ್ತಿ ಅವರನ್ನು ಕರೆಸಿದಳು.

*

ಚಿಕ್ಕಪ್ಪ ಬಾಗಿಲು ತಟ್ಟಿಯೇ ಒಳಗೆ ಬಂದರು. ಅರವತ್ತಾರು ವಯಸ್ಸು, ಬಿಸಿಲಿಗೆ ಕುತ್ತಿಗೆ ಸುಟ್ಟು ಕಪ್ಪಾಗಿತ್ತು. ಜೇಬಿನಲ್ಲಿ ಎರಡು ಪೆನ್ನು. ಕೋಣೆಯ ತುಂಬ ತಿರುಗುವ ಕುರ್ಚಿಗಳಿದ್ದರೂ ಕಿಟಕಿಯ ಬಳಿ ಇದ್ದ ಮರದ ಸ್ಟೂಲನ್ನೇ ಎಳೆದುಕೊಂಡರು.

"ಆ ಕುರ್ಚಿಲಿ ಕೂತ್ರೆ ಯೋಚನೆನೂ ತಿರುಗೋಕೆ ಶುರು ಮಾಡುತ್ತೆ," ಎಂದು ನನ್ನ ಕಡೆ ನೋಡಿ ನಕ್ಕರು. ಮಗಳಂಥವಳ ಮುಖ ನೋಡಿದ ಮೇಲೆ ನಗು ನಿಂತಿತು. "ಏನಾಯ್ತಮ್ಮ?"

ಆಕೆ ನನ್ನ ಕಡೆ ಕೈ ತೋರಿದಳು. ನಾನೇ ಹೇಳಬೇಕಾಯಿತು. ಬೂಟು, ಲೇಸು, ಬಾಗಿಲ ಬಳಿ ನಿಂತ ಟೋಪಿಯವನು, ಎಲ್ಲ ಹೇಳಿದೆ. ವಿಮೆ ಕಂಪನಿಯಲ್ಲಿದ್ದಾಗ ಕಳ್ಳರ ಮುಂದೆ ಸಾಕ್ಷಿ ಇಡುವಾಗ ನನಗೊಂದು ಹುರುಪು ಬರುತ್ತಿತ್ತು. ಇಂದು ಮಾತು ಮುಗಿಯುವಷ್ಟರಲ್ಲಿ ನನ್ನ ದನಿ ನನಗೇ ಬೇಸರ ತರಿಸಿತು.

ಚಿಕ್ಕಪ್ಪ ತಮ್ಮ ಕೈಗಳನ್ನು ನೋಡಿಕೊಂಡರು.

"ಲೇಸಾ?" ಎಂದರು.

"ಲೇಸು."

"ನಾನು ಹಲಗೆ ಮೇಲಿನ ಹೆಸರನ್ನ ಮನೇಲಿ ಹೆಂಡತಿಗೂ ಹೇಳ್ತಿರಲಿಲ್ಲ. ನಿದ್ದೆಲಿ ಬಡಬಡಿಸ್ತೀನೇನೋ ಅಂತ ಹೋದ ತಿಂಗಳು ಬೇರೆ ಕೋಣೆಲಿ ಮಲಗಿದ್ದೆ. ಅವಳು ಜಗಳ ಅಂದ್ಕೊಂಡು ಎರಡು ದಿನ ಮಾತು ಬಿಟ್ಟಿದ್ದಳು." ಅವರು ನಗಲು ನೋಡಿದರು, ಆಗಲಿಲ್ಲ. "ಬಾಯಿಗೆ ಬೀಗ ಹಾಕ್ಕೊಂಡು ಕಾಲಲ್ಲಿ ಡಂಗೂರ ಹೊಡೆಸಿದೆ ಅಂದ ಹಾಗಾಯ್ತು."

"ಚಿಕ್ಕಪ್ಪ, ನೀವು ಬೇಕು ಅಂತ ಮಾಡಿದ್ದಲ್ಲ," ಮ್ಯಾನೇಜರ್ ಎಂದಳು.

"ಬೇಕು ಅಂತ ಬೆಂಕಿ ಹಚ್ಚಿದ್ರೂ ಮನೆ ಸುಡುತ್ತೆ, ಬೇಡ ಅಂತ ಹಚ್ಚಿದ್ರೂ ಸುಡುತ್ತೆ. ಹೋದ ವರ್ಷದ ಮೂರೂ ಹುಡುಗರು ಹೋಗಿದ್ದು ನನ್ನಿಂದಲೇ. ನಾಳೆ ನನ್ನ ಕುರ್ಚಿ ತೆಗೆಸಿಬಿಡು. ನಾನು ಬೇಜಾರು ಮಾಡ್ಕೊಳ್ಳಲ್ಲ."

ಇಪ್ಪತ್ತೆರಡು ವರ್ಷದಿಂದ ಆಯ್ಕೆಯ ಮೇಜಿನ ಎಡತುದಿಯ ಕುರ್ಚಿ ಅವರದ್ದು. ಅದನ್ನು ಇಷ್ಟು ಸಲೀಸಾಗಿ ಬಿಟ್ಟುಕೊಡುತ್ತಿದ್ದಾರೆ. ನನ್ನ ಹಳೇ ಕಸುಬಿನ ಮೂಗು ಎಚ್ಚರವಾಯಿತು. ಮಾಡಿದ ತಪ್ಪಿಗಿಂತ ಒಂದು ಹಿಡಿ ಹೆಚ್ಚೇ ಒಪ್ಪಿಕೊಳ್ಳುವವರನ್ನು ನಾನು ಕಂಡಿದ್ದೇನೆ. ಅವರ ಬೆನ್ನ ಹಿಂದೆ ಯಾವಾಗಲೂ ಇನ್ನೊಬ್ಬರು ನಿಂತಿರುತ್ತಾರೆ.

"ಮೂವರಿಗೂ ಬೂಟು ಕೊಟ್ಟಿದ್ರಾ?" ಕೇಳಿದೆ.

"ಮೂವರಿಗೂ."

"ಗೋಲ್‌ಕೀಪರ್‌ಗೂ?"

"ಹೂಂ, ಅವನಿಗೂ."

"ನಾನು ಹಾಕಿ ಗೊತ್ತಿಲ್ಲದವಳು, ತಪ್ಪಿದ್ರೆ ತಿದ್ದಿ. ಬೆಳಗ್ಗೆ ಗೋಲ್‌ಕೀಪರ್‌ಗಳು ಒಳಗಿಂದ ಬಂದಾಗ ಅವರ ಕಾಲೇ ಕಾಣ್ತಿರಲಿಲ್ಲ. ಬೂಟಿನ ಮೇಲೆ ದಿಂಬಿನಷ್ಟು ದಪ್ಪದ ಕವಚ, ಬೆಲ್ಟ್ ಹಾಕಿ ಬಿಗಿದಿದ್ರು. ಒಳಗೆ ಲೇಸು ಹೇಗೆ ಕಟ್ಟಿದೆ ಅಂತ ಟೋಪಿಯವನಿಗೆ ಕನಸು ಬಿದ್ದಿತ್ತಾ?"

ಚಿಕ್ಕಪ್ಪ ಜೇಬಿನ ಪೆನ್ನು ಸರಿಮಾಡಿಕೊಂಡರು.

"ಇನ್ನೊಂದು. ಆ ಬೀರೂನ ಐದು ಅಂಕಣದ ಚೀಟಿಗಳನ್ನೂ ಓದಿದೆ. ಗೋಲ್‌ಕೀಪರ್‌ದು ಅಂತ ಒಂದು ಜೊತೆಯೂ ಇಲ್ಲ. ಕವಚ ಹಾಕ್ಕೊಂಡು ಗೂಟ ಹೊಡೆದ ಹಾಗೆ ನಿಲ್ಲೋರ ಬೂಟಲ್ಲಿ ಓದೋಕೆ ಏನಿರುತ್ತೆ ನಿಮಗೆ?"

ಮ್ಯಾನೇಜರ್ ನಿಧಾನವಾಗಿ ಎದ್ದು ನಿಂತಳು. "ಚಿಕ್ಕಪ್ಪ, ಗೋಲ್‌ಕೀಪರ್ ಹೆಸರು ಈ ಹಲಗೆ ಮೇಲೆ ಬಂದೇ ಇರಲಿಲ್ಲ. ಹಿಂದಿನ ದಿನ ಮನೇಲಿ ಊಟದ ಮೇಜಿನ ಮೇಲೆ ಪಟ್ಟಿ ಇಟ್ಕೊಂಡು ನಾನು ಸೇರಿಸಿದ್ದು. ನಿಮಗೇ ಗೊತ್ತಿರಲಿಲ್ಲ. ನೀವ್ಯಾಕೆ ಸುಳ್ಳು ಹೇಳ್ತಿದ್ದೀರಿ?"

"ಬಿಟ್ಟುಬಿಡು ತಾಯಿ. ನನ್ನ ಮೇಲೇ ಇರಲಿ ಅದು."

"ಊಟದ ಮೇಜಿನ ಹತ್ರ ಆವತ್ತು ಯಾರಿದ್ರು?" ನಾನು ಕೇಳಿದೆ.

ಆಕೆ ಫೋನನ್ನು ಹತ್ತಿರ ಎಳೆದುಕೊಂಡಳು. ಉತ್ತರ ಆಕೆಗೆ ಗೊತ್ತಿತ್ತು.

"ಅಪ್ಪ," ಎಂದಳು.

*

ಅಪ್ಪ ಎಂದರೆ ಈ ತಂಡದ ಹಿಂದಿನ ಕೋಚ್. ತಂಡವನ್ನು ಹೊಸದಾಗಿ ಕಟ್ಟಲು ಹೊರಟಾಗ ಮಗಳು ಮಾಡಿದ ಮೊದಲ ಕೆಲಸ ಅಪ್ಪನನ್ನು ಆ ಜಾಗದಿಂದ ಇಳಿಸಿದ್ದು. ಅವರು ಹಳೇ ಆಟಗಾರರನ್ನು ಬಿಟ್ಟುಕೊಡಲು ಒಪ್ಪಿರಲಿಲ್ಲ. ಹದಿನಾಲ್ಕು ತಿಂಗಳಾಯಿತು. ಅಪ್ಪ ಮಗಳು ಒಂದೇ ಮನೆ, ಒಂದೇ ಮೇಜು, ಮಾತಿಲ್ಲ. ಹೇಳಲೇಬೇಕಾದ್ದನ್ನು ಅವರು ಬೆಕ್ಕಿಗೆ ಹೇಳುತ್ತಾರೆ. 'ನಿಮ್ಮ ಯಜಮಾನಿ ಗೀಸರ್ ಆರಿಸಿಲ್ಲ ನೋಡು.' ಆಕೆಯೂ ಬೆಕ್ಕಿಗೇ ಉತ್ತರ ಕೊಡುತ್ತಾಳೆ. ಮೊದಲ ದಿನ ಇದನ್ನು ಕೇಳಿ ನಾನು ನಕ್ಕಿದ್ದೆ. ಈಗ ಆಕೆ ಮನೆಯ ನಂಬರನ್ನು ಎರಡು ಸಲ ತಪ್ಪಾಗಿ ಒತ್ತಿದ್ದನ್ನು ನೋಡಿ ನಗು ಬರಲಿಲ್ಲ.

ಮನೆಗೆ ಫೋನ್ ಮಾಡಿದರೆ ಯಾವಾಗಲೂ ಎತ್ತುವವರು ಅಮ್ಮ. ಆವತ್ತು ಎತ್ತಿದ್ದು ಗಂಡು ದನಿ. ಆಕೆ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಳು.

"ಅಪ್ಪಾ. ಹೋದ ವರ್ಷ ಗೋಲ್‌ಕೀಪರ್ ಹೆಸರನ್ನ ಹಸಿರು ತಂಡದವರಿಗೆ ಕೊಟ್ಟಿದ್ದು ನೀವಾ?"

"ಹೌದು," ಎಂದಿತು ದನಿ. ಹದಿನಾಲ್ಕು ತಿಂಗಳಲ್ಲಿ ಅವರು ಮಗಳ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು.

ಆಕೆ ಕಣ್ಣು ಮುಚ್ಚಿದಳು.

"ಅವನು ಈ ವರ್ಷ ಅವರಿಗೆ ಎಷ್ಟು ಪಂದ್ಯ ಆಡಿದ?" ದನಿ ಕೇಳಿತು.

"ಒಂದೂ ಇಲ್ಲ. ಬೆಂಚ್ ಮೇಲೇ ಇದ್ದ."

"ದೀಪದ ಬೆಳಕಲ್ಲಿ ಆ ಹುಡುಗನಿಗೆ ಚೆಂಡು ಎರಡೆರಡಾಗಿ ಕಾಣುತ್ತೆ. ಹಗಲು ಹೊತ್ತು ಆಡೋದನ್ನ ಮಾತ್ರ ನೀನು ನೋಡಿದ್ದೆ. ನಾನು ಸಂಜೆ ಪಂದ್ಯ ನೋಡಿದ್ದೆ. ನಿನಗೆ ಹೇಳಿದ್ರೆ, ಕೆಲಸ ಹೋದ ಹೊಟ್ಟೆ ಉರಿಗೆ ಹೇಳ್ತಿದ್ದಾರೆ ಅಂತಿದ್ದೆ. ಬೆಕ್ಕಿಗೆ ಹೇಳಿದೆ. ನೀನು ಎದ್ದು ಹೋದೆ. ಅದಕ್ಕೇ ಅವನು ನಿನ್ನ ಕೊರಳಿಗೆ ಬೀಳೋಕೆ ಮುಂಚೆ ಅವರ ಕೊರಳಿಗೆ ಬೀಳಿಸಿದೆ. ಮಾಡಿದ್ದು ಸರಿ ಅಂತ ಹೇಳ್ತಿಲ್ಲ."

ಚಿಕ್ಕಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಲೇ ಇದ್ದರು. ಅಣ್ಣನದೆಂದು ಊಹಿಸಿ ಆ ತಪ್ಪನ್ನೂ ತನ್ನ ಹೆಗಲಿಗೆ ಹಾಕಿಕೊಂಡಿದ್ದ ತಮ್ಮ. ನನಗೆ ಒಡಹುಟ್ಟಿದವರಿಲ್ಲ. ಆ ಗಳಿಗೆಯಲ್ಲಿ ಇರಬೇಕಿತ್ತು ಎನ್ನಿಸಿತು.

"ಅಪ್ಪಾ," ಆಕೆಯ ದನಿ ಒಡೆದಿತ್ತು. "ನಾನು ಕೇಳಬೇಕಿತ್ತು."

"ಆಮೇಲೆ ಅಳೋಣ, ಇಬ್ರೂ ಕೂತ್ಕೊಂಡು. ಈಗ ನಾನು ಹೇಳೋದು ಕೇಳು. ನಾಳೆ ನೀನು ಮೊದಲು ಕರೆಯೋ ಹೆಸರು ಸೂಜಿ, ಅಲ್ವಾ?"

ಆಕೆ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ.

"ಹೌದು. ಅವನನ್ನ ಯಾರೂ ಕಿತ್ಕೊಳ್ಳೋಕ್ಕಾಗಲ್ಲ."

"ಕಿತ್ಕೊಳ್ಳೋಕೆ ಯಾರಿಗೂ ಬೇಕಾಗಿಲ್ಲ ಮಗಳೇ. ನೀನು ಅವನನ್ನೇ ಕರೀಲಿ ಅಂತ ಹಸಿರು ತಂಡದವರು ಎಂಟು ತಿಂಗಳಿಂದ ಕಾಯ್ತಿದ್ದಾರೆ. ಅವನನ್ನ ನಿನ್ನ ಕಣ್ಣಿಗೆ ಬೀಳಿಸಿದ್ದೇ ಅವರು."

ಮ್ಯಾನೇಜರ್ ಹಲಗೆಯಿಂದ ಸೂಜಿಯ ಹೆಸರಿನ ಪಟ್ಟಿ ಕಿತ್ತು ಮೇಜಿನ ಮೇಲಿಟ್ಟಳು. ಕ್ಯಾಪ್ಟನ್‌ನನ್ನು ಕೊಟ್ಟದ್ದು, ಬೈಗುಳ ತಿಂದದ್ದು, ತಿಂಗಳುಗಟ್ಟಲೆ ನಿದ್ದೆಗೆಟ್ಟದ್ದು, ಎಲ್ಲ ಈ ಒಂದು ಹೆಸರಿಗಾಗಿ.

"ಯಾರು ಹೇಳಿದ್ರು ನಿಮಗೆ?"

"ಸೂಜಿನೇ ಹೇಳಿದ. ಹತ್ತು ನಿಮಿಷದ ಹಿಂದೆ ಗೇಟ್ ತೆಗ್ದು ಒಳಗೆ ಬಂದ. ಇಲ್ಲೇ ನನ್ನ ಎದುರಿಗೆ ಕೂತಿದ್ದಾನೆ. ನಿಮ್ಮಮ್ಮ ನೀರು ಕೊಟ್ಟಿದ್ದಾಳೆ, ಕುಡೀತಿಲ್ಲ. ಇನ್ನೂ ಏನೋ ಇದೆ, ಅದನ್ನ ನಿನ್ನ ಹತ್ರ ಮಾತ್ರ ಹೇಳ್ತೀನಿ ಅಂತಿದ್ದಾನೆ. ಫೋನಲ್ಲಿ ಬೇಡವಂತೆ. ಏನೋ ಗಾಯ ಮುಚ್ಚಿಟ್ಟಿರೋ ವಿಷಯ ಅಲ್ಲ, ಅದಕ್ಕಿಂತ ದೊಡ್ಡದು. ಹುಡುಗ ತುಂಬ ಹೆದರಿದ್ದಾನೆ. ಬೇಗ ಮನೆಗೆ ಬಾ."

ಆಕೆ ಕಾರಿನ ಕೀಲಿ ತೆಗೆದುಕೊಂಡು ಬಾಗಿಲವರೆಗೆ ಹೋದಳು. ಅಲ್ಲಿ ನಿಂತುಬಿಟ್ಟಳು.

"ಹೋಗೋ ಹಾಗಿಲ್ಲ," ಎಂದಳು, ನಮಗೋ ಬಾಗಿಲಿಗೋ ತಿಳಿಯಲಿಲ್ಲ. "ಪ್ರದರ್ಶನ ಪಂದ್ಯ ಮುಗಿದ ಮೇಲೆ ನಾಳೆ ಆಯ್ಕೆ ಮುಗಿಯೋವರೆಗೂ ತಂಡದ ಯಾರೂ ಯಾವ ಆಟಗಾರನನ್ನೂ ನೋಡೋ ಹಾಗಿಲ್ಲ. ಸಿಕ್ಕಿಬಿದ್ರೆ ಮೊದಲ ಕೂಗು ರದ್ದು. ನನ್ನ ಮನೆಗೆ ನಾನೇ ಹೋಗೋ ಹಾಗಿಲ್ಲ ಮೇಡಂ."

"ನಾನು ಹೋಗ್ತೀನಿ," ಎಂದೆ.

"ನಿಮ್ಮ ಹೆಸರನ್ನೂ ನಮ್ಮ ಸಿಬ್ಬಂದಿ ಅಂತ ಕೊಟ್ಟಿದ್ದೀನಿ. ಇಲ್ಲದಿದ್ರೆ ಮೈದಾನದ ಒಳಗೆ ಬಿಡ್ತಿರಲಿಲ್ಲ."

ಹೋದರೆ ಕೂಗು ಹೋಗುತ್ತದೆ. ಹೋಗದಿದ್ದರೆ, ಯಾರೋ ಹೂಡಿಟ್ಟ ಬಲೆಗೆ ನಾಳೆ ತಾನಾಗಿ ಕಾಲಿಡಬೇಕಾಗುತ್ತದೆ. ಅರವತ್ತೆರಡು ಮಂದಿಯನ್ನೂ ಕರೆದುಕೊಂಡು. ಬಾಗಿಲ ಹಿಡಿಯ ಮೇಲೆ ಆಕೆಯ ಕೈ ಹಾಗೇ ಇತ್ತು.

"ನನ್ನನ್ನ ಕೆಲಸದಿಂದ ಬಿಡಿಸಿಬಿಡಮ್ಮ," ಎಂದರು ಚಿಕ್ಕಪ್ಪ.

ಇಬ್ಬರೂ ತಿರುಗಿ ನೋಡಿದೆವು.

"ಈಗಲೇ. ನೀನು ಸಹಿ ಹಾಕಿದ ಗಳಿಗೆಯಿಂದ ನಾನು ತಂಡದವನಲ್ಲ. ನಮ್ಮಣ್ಣನ ಮನೆಗೆ ತಮ್ಮ ಹೋದ್ರೆ ಕೇಳೋರ್ಯಾರು? ಹುಡುಗ ಹೇಳಿದ್ದನ್ನ ಕೇಳ್ಕೊಂಡು ನಿನಗೆ ಫೋನ್ ಮಾಡ್ತೀನಿ. ನನಗೆ ಹೇಳ್ತಾನೆ ಅವನು."

"ಚಿಕ್ಕಪ್ಪ, ಒಮ್ಮೆ ಬಿಟ್ರೆ ನಾಳೆ ನೀವು ಮೇಜಿನ ಹತ್ರ ಬರೋ ಹಾಗಿಲ್ಲ. ಮುಂದೂ ಬರೋ ಹಾಗಿಲ್ಲ. ಕುರ್ಚಿ ತೆಗೆಸು ಅಂದ್ರಿ, ನಾನು ತೆಗೆಸಲ್ಲ ಅಂತ ಆಗ್ಲೇ ತೀರ್ಮಾನ ಮಾಡಿದ್ದೆ."

"ಗೊತ್ತು ಕಣೇ, ಮುಖದಲ್ಲೇ ಕಂಡಿತು. ಅಷ್ಟು ಸಾಕು ನನಗೆ. ಇಪ್ಪತ್ತೆರಡು ವರ್ಷ ಕೂತಾಯ್ತು, ಬೆನ್ನೂ ನೋಯುತ್ತೆ."

ಎದೆಯ ಜೇಬಿನಿಂದ ನಾಲ್ಕಾಗಿ ಮಡಚಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. ಪೆನ್ನಿನ ಮುಚ್ಚಳ ತೆಗೆದು ಆಕೆಯ ಕೈಗಿತ್ತರು. ರಾಜೀನಾಮೆ ಪತ್ರ, ಅವರದ್ದೇ ದುಂಡು ಅಕ್ಷರ. ಆಕೆಯ ಕಣ್ಣು ತುಂಬಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಅವರು ತೋರಿದ ಜಾಗದಲ್ಲಿ ಸಹಿ ಹಾಕಿದಳು. ಅವರು ಆಕೆಯ ತಲೆ ಮೇಲೆ ಒಮ್ಮೆ ಕೈಯಿಟ್ಟು, ನನಗೆ ನಮಸ್ಕರಿಸಿ, ಸರಸರನೆ ಹೊರಟುಹೋದರು. ಅರವತ್ತಾರರ ಮುದುಕ ಅಷ್ಟು ಚುರುಕಾಗಿ ನಡೆಯುವುದನ್ನು ನಾನು ಆವರೆಗೆ ನೋಡಿರಲಿಲ್ಲ.

ಆಕೆ ಮುಖ ಮುಚ್ಚಿಕೊಂಡು ಕೂತಳು. ನನ್ನ ಕಣ್ಣಿನಲ್ಲಿ ನೀರಿರಲಿಲ್ಲವಾದ್ದರಿಂದ ನಾನು ಪತ್ರ ಓದಿದೆ.

'ನಾಳೆ ಮಧ್ಯಾಹ್ನ ಮೂರೂವರೆ ಗಂಟೆಯಿಂದ ನಾನು ಈ ತಂಡದ ಕೆಲಸದಲ್ಲಿ ಇರುವುದಿಲ್ಲ.' ಕೆಳಗೆ ಬರೆದಿದ್ದ ತಾರೀಖು ನಿನ್ನೆಯದು. ಸೂಜಿಯ ವಿಷಯ ನಮಗೆ ಗೊತ್ತಾಗುವ ಮೊದಲೇ, ಇವತ್ತು ಈ ಹೊತ್ತಿಗೆ ತಂಡದ ಹೊರಗಿರಬೇಕೆಂದು ಅವರು ಬರೆದಿಟ್ಟಿದ್ದರು.

ಗೋಡೆಯ ಗಡಿಯಾರದಲ್ಲಿ ಮೂರು ಇಪ್ಪತ್ತೊಂಬತ್ತು ಆಗಿತ್ತು.